ಲೋಡು ಇಳಿಯುವವರೆಗೆ

ನಾನು ಅರಸೀಕೆರೆಯವಳು. ಅಪ್ಪ ರೈಲ್ವೆಯಲ್ಲಿದ್ದರು, ನಾವು ಬೆಳೆದದ್ದು ಸ್ಟೇಷನ್ ಪಕ್ಕದ ಕ್ವಾರ್ಟರ್ಸಿನಲ್ಲಿ. ಊರಿಗೆ ಹೋಗುವವರು ಹೇಗೆ ಹೋಗುತ್ತಾರೆ ಅನ್ನುವುದು ನನಗೆ ಚಿಕ್ಕಂದಿನಿಂದ ಚೆನ್ನಾಗಿ ಗೊತ್ತಿತ್ತು. ಗಾಡಿ ಬರುತ್ತದೆ, ನಿಲ್ಲುತ್ತದೆ, ಅಳಬೇಕಾದವರು ಸೆರಗು ಹುಡುಕುವುದರೊಳಗೆ ಹೊರಟುಬಿಡುತ್ತದೆ. ಮನೆಗೆ ಬಂದು ಕಾಫಿ ಕುಡಿದರೆ ಮುಗಿಯಿತು. ಒಬ್ಬ ಮನುಷ್ಯ ಮನೆಯಿಂದ ಹೊರಟು, ವಾರಗಟ್ಟಲೆ ಹೋಗುತ್ತಲೇ ಇರಬಹುದು, ಹೋದ ಅನ್ನುವ ಹಾಗೂ ಇಲ್ಲ ಇದ್ದಾನೆ ಅನ್ನುವ ಹಾಗೂ ಇಲ್ಲ ಅಂತ ಗೊತ್ತಾದದ್ದು ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದ ಮೇಲೆ.

ಗಂಡು ವೈಜಾಗಿನಲ್ಲಿ ದೊಡ್ಡ ಕಂಪನಿಯಲ್ಲಿ ಮ್ಯಾನೇಜರು ಅಂತ ಹೇಳಿ ಮದುವೆ ಮಾಡಿದ್ದರು. ಸುಳ್ಳೇನಲ್ಲ. ಹಡಗಿನಿಂದ ಬಂದರಿಗೆ ಇಳಿದ ಭಾರೀ ಯಂತ್ರಗಳನ್ನು, ಎಲ್ಲೋ ಕಾರ್ಖಾನೆಯೋ ವಿದ್ಯುತ್ ಸ್ಥಾವರವೋ ಏಳುತ್ತಿರುವ ಜಾಗಕ್ಕೆ ರಸ್ತೆಯ ಮೇಲೆ ಸಾಗಿಸುವ ಕಂಪನಿ ಅದು. ನಮ್ಮ ಯಜಮಾನರು ಆ ಲೋಡಿನ ಜೊತೆಗೇ ಹೋಗುವವರು. ಸಾಲು ಸಾಲು ಚಕ್ರಗಳ ಉದ್ದನೆಯ ಟ್ರೇಲರು, ಅದನ್ನು ಎಳೆಯಲು ಮುಂದೊಂದು ಗಾಡಿ, ಕೆಲವು ಸಲ ಹಿಂದಿನಿಂದ ತಳ್ಳಲು ಇನ್ನೊಂದು. ವಿದ್ಯುತ್ ತಂತಿ ಅಡ್ಡ ಬಂದರೆ ಎತ್ತಿಸಬೇಕು, ಮರದ ಕೊಂಬೆ ಬಂದರೆ ಕಡಿಸಬೇಕು, ಸೇತುವೆ ಬಂದರೆ ಅನುಮತಿ ಬರುವವರೆಗೆ ಕಾಯಬೇಕು. ದನ ಮೇಯಿಸುವವನು ಟ್ರೇಲರನ್ನು ಹಿಂದೆ ಹಾಕಿ ಮುಂದೆ ಹೋಗುತ್ತಾನೆ. ನಾನು ಅದನ್ನು ಲಾರಿ ಅಂದರೆ ಅವರಿಗೆ ಸಿಟ್ಟು. "ಲಾರಿ ಅಲ್ಲ, ಟ್ರೇಲರ್" ಅನ್ನುವರು. ಅವರ ಬಾಯಿಂದ ಎರಡು ಮಾತು ಒಟ್ಟಿಗೆ ಬರಬೇಕಾದರೆ ನಾನು ಬೇಕಂತಲೇ ಲಾರಿ ಅನ್ನಬೇಕಾಗಿತ್ತು.

ಎಂವಿಪಿ ಕಾಲೋನಿಯಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆಯೊಡತಿ, ಆಂಟಿಗಾರು, ಮತ್ತು ಪರವಾಡದ ಔಷಧಿ ಕಾರ್ಖಾನೆಯಲ್ಲಿ ಶಿಫ್ಟು ಮಾಡುತ್ತಿದ್ದ ಅವರ ಗಂಡ. ಎದುರಿಗೆ ಕೋಚಿಂಗ್ ಸೆಂಟರು. ಬೆಳಿಗ್ಗೆ ಸೈಕಲ್ಲು ಸ್ಕೂಟರುಗಳು ಬಂದು ತುಂಬುವುದು, ಸಂಜೆ ಖಾಲಿಯಾಗುವುದು, ಇದನ್ನು ನೋಡುವುದೇ ನನ್ನ ಕೆಲಸ. ತೆಲುಗು ಬಾರದು. ಆಂಟಿಗಾರು ಒಳ್ಳೆಯವರು, ಆದರೆ ಅವರ ಒಳ್ಳೆಯತನ ಪೂರ್ತಿ ತೆಲುಗಿನಲ್ಲಿತ್ತು. ಕನ್ನಡದವರು ಸೇರುವ ಕಡೆಗೆ ಒಮ್ಮೆ ಹೋಗಿದ್ದೆ. ಬ್ಯಾಂಕಿನವರು, ಸ್ಟೀಲ್ ಪ್ಲಾಂಟಿನ ಇಂಜಿನಿಯರುಗಳು, ಅವರ ಹೆಂಡತಿಯರು. "ನಿಮ್ಮೆಜಮಾನ್ರು ಯಾವ ಬ್ಯಾಂಕು?" ಅಂತ ಒಬ್ಬಾಕೆ ಕೇಳಿದರು. "ಲಾರಿ" ಅಂದೆ. ತಮಾಷೆ ಅಂದುಕೊಂಡು ನಕ್ಕರು. ತಮಾಷೆಯಲ್ಲ ಅಂತ ತಿಳಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಆಚೆ ಸರಿದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹಾಗಾಗಿ ಮನೆಯಲ್ಲಿ ಬದನೆಕಾಯಿಯನ್ನು ಮಾತಾಡಿಸುತ್ತಿದ್ದೆ. ನಿಜವಾಗಿ. "ಏನೋ, ನೋಡೋಕೆ ಇಷ್ಟು ಚೆನ್ನಾಗಿದ್ದು ಒಳಗೆ ಹುಳ ಇಟ್ಕೊಂಡಿದೀಯ" ಅಂತ ಬೈಯುತ್ತಿದ್ದೆ. ಒಂದು ಸಂಜೆ ಯಜಮಾನರು ಫೋನು ಮಾಡಿದಾಗ ಗಂಟಲು ಕಟ್ಟಿಕೊಂಡು ಮಾತೇ ಹೊರಡಲಿಲ್ಲ. ನೆಗಡಿಯಲ್ಲ. ಆ ದಿನ ಬದನೆಕಾಯಿಯನ್ನೂ ಮಾತಾಡಿಸಿರಲಿಲ್ಲ, ಅಷ್ಟೆ. ಆಗ ಹೆದರಿಕೆಯಾಯಿತು. ಇಲ್ಲೇ ಇದ್ದರೆ ಹೀಗೇ ಒಣಗಿಹೋಗುತ್ತೇನೆ ಅನ್ನಿಸಿತು.

ಜ್ಯೇಷ್ಠ ಶುರುವಾಗಿತ್ತು. ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಿಗೆ ಹೋಗಬೇಕು, ಶ್ರಾವಣದಲ್ಲಿ ಗಂಡ ಬಂದು ಕರೆದುಕೊಂಡು ಹೋಗಬೇಕು. ಅತ್ತೆ ಸೊಸೆ ಆ ತಿಂಗಳು ಒಂದೇ ಹೊಸಿಲು ತುಳಿಯಬಾರದು ಅಂತ ನಮ್ಮಲ್ಲಿ ಹೇಳುತ್ತಾರೆ. ನನ್ನ ಮನೆಯಲ್ಲಿ ಅತ್ತೆಯಿರಲಿ, ಹೊಸಿಲು ತುಳಿಯಲು ಗಂಡನೇ ಇರುತ್ತಿರಲಿಲ್ಲ. ಆದರೂ ಶಾಸ್ತ್ರ ಶಾಸ್ತ್ರವೇ. ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ: ಆಷಾಢಕ್ಕೆ ಎಲ್ಲರ ಹಾಗೆ ಹೋಗುವುದು. ಶ್ರಾವಣದಲ್ಲಿ ಇವರು ಕರೆಯಲು ಬಂದಾಗ, ಬರುವುದಿಲ್ಲ ಅಂದುಬಿಡುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೀದಿಯವರಿಗೆ ಗೊತ್ತಾಗುವಷ್ಟರಲ್ಲಿ ಅರಸೀಕೆರೆಯಲ್ಲಿ ಎಲ್ಲಾದರೂ ಟೀಚರ್ ಕೆಲಸ ಹಿಡಿದಿರುತ್ತೇನೆ.

ಅಷ್ಟರಲ್ಲಿ ಹೊಸ ಲೋಡು ಬಂತು. ವಿಜಯವಾಡದ ಹೊರಗೆ ಗನ್ನವರಂ ಕಡೆ ಕಟ್ಟುತ್ತಿದ್ದ ಒಂದು ಸಬ್‌ಸ್ಟೇಷನ್ನಿಗೆ ಟ್ರಾನ್ಸ್‌ಫಾರ್ಮರು. ಹೊರಡುವ ದಿನ ಬಂದರಿನ ಗೇಟಿನ ಹತ್ತಿರ ಪೂಜೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಮ್ಮ ಬೀದಿಯ ಮನೆಗಳಿಗಿಂತ ಎತ್ತರದ ಬೂದುಬಣ್ಣದ ಡಬ್ಬಿ, ಅದರ ಕೆಳಗೆ ಎಣಿಸಲಾಗದಷ್ಟು ಚಕ್ರ. ಕುಂಬಳಕಾಯಿ ಒಡೆದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಗಾಡಿ ಅದನ್ನು ತುಳಿದು ಒಂದು ಮಾರು ಮುಂದೆ ಬಂತು. ಎಲ್ಲರೂ ಕೈಮುಗಿದರು. ಇವರು ನನ್ನ ಕಡೆ ನೋಡಿ ತಲೆಯಾಡಿಸಿ ಗಾಡಿಯ ಮುಂದೆ ಹೋಗಿ ನಿಂತರು. ಹೊರಟರು ಅಂತ ಅರ್ಥ.

ಆಮೇಲೆ ಸುದ್ದಿಯಿಲ್ಲ. ಕಂಪನಿಯ ಮೊಬೈಲು ಕೊಟ್ಟಿದ್ದರು, ಊರು ದಾಟಿದರೆ ಅದಕ್ಕೆ ಜೀವ ಇರುತ್ತಿರಲಿಲ್ಲ. ಒಂದು ಸಲ ಯಾವುದೋ ಬೂತಿನಿಂದ ಆಂಟಿಗಾರು ಮನೆಗೆ ಫೋನು ಮಾಡಿದರು. "ಎಲ್ಲಿದೀರಿ?" ಅಂದೆ. "ರೋಡಲ್ಲಿ" ಅಂದರು. "ಊಟ ಆಯ್ತಾ?" ಅಂದರು. ಇಟ್ಟರು. ರಾಜಮಂಡ್ರಿ ಹತ್ತಿರ ಇರಬೇಕು ಅಂದುಕೊಂಡೆ.

ಮಾರನೆಯ ದಿನ ಆಂಟಿಗಾರು ಗಂಡ ಕಂಪನಿ ಬಸ್ಸಿನಿಂದ ಇಳಿದು ಬಂದವರು ಕೆಳಗಿನಿಂದಲೇ ಕೂಗಿದರು: "ಅಮ್ಮಾ, ಮೀ ಆಯನ ಬಂಡಿ ಇಂಕಾ ಲಂಕೆಲಪಾಲೆಂ ದಗ್ಗರೇ ಉಂದಿ!" ಅಷ್ಟು ತೆಲುಗು ನನಗೂ ಬಂದಿತ್ತು. ನಿಮ್ಮ ಯಜಮಾನರ ಗಾಡಿ ಇನ್ನೂ ಲಂಕೆಲಪಾಲೆಂ ಹತ್ತಿರವೇ ಇದೆ. ಪರವಾಡದ ರಸ್ತೆ ಹೆದ್ದಾರಿಗೆ ಸೇರುವ ಜಾಗ ಅದು. ಅವರು ದಿನಾ ಹೋಗುತ್ತಾ ಬರುತ್ತಾ ನೋಡುತ್ತಿದ್ದರಂತೆ. ನನಗೆ ಗೊತ್ತಿದೆ ಅಂದುಕೊಂಡು ಹೇಳಿರಲಿಲ್ಲವಂತೆ.

ಮೈಯೆಲ್ಲಾ ಉರಿದುಹೋಯಿತು. ಎರಡು ಬಸ್ಸು ಬದಲಾಯಿಸಿದರೆ ಮನೆ. ನಾನು ಇಲ್ಲಿ ತರಕಾರಿಯ ಜೊತೆ ಸಂಸಾರ ಮಾಡುತ್ತಿದ್ದೇನೆ, ಈ ಮನುಷ್ಯ ಅಲ್ಲಿ ರಸ್ತೆಬದಿ ಕೂತಿದ್ದಾರೆ! ಶ್ರಾವಣದವರೆಗೆ ಕಾಯುವುದು ಯಾಕೆ, ನಾಳೆಯೇ ಹೋಗಿ ಮುಖಕ್ಕೆ ಹೇಳಿ ಬರುತ್ತೇನೆ ಅಂತ ಹೊರಟೆ. ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಮುದ್ದೆ ತೊಳಸಿದೆ. ಅಲ್ಲಿ ರಾಗಿಗೆ ಚೋಡಿ ಅನ್ನುತ್ತಾರೆ, ಅಂಬಲಿ ಮಾಡಿ ಕುಡಿಯುತ್ತಾರೆ. ರೈತು ಬಜಾರಿನಲ್ಲಿ ಕೊಂಡು ಗಿರಣಿಯಲ್ಲಿ ಹಾಕಿಸಿಟ್ಟಿದ್ದೆ. ಕ್ಯಾರಿಯರಿನ ಒಂದು ಡಬ್ಬಿಗೆ ಮುದ್ದೆ, ಒಂದಕ್ಕೆ ಹುರುಳಿಕಾಳಿನ ಸಾರು. ಜಗಳಕ್ಕೆ ಹೋಗುವವಳು ಸಾರಿಗೆ ಒಗ್ಗರಣೆ ಸರಿಯಾಗಿ ಬಿತ್ತೋ ಇಲ್ಲವೋ ಅಂತ ಎರಡು ಸಲ ನೋಡಿದೆ. ನನ್ನ ಬುದ್ಧಿಗಿಷ್ಟು.

ಟ್ರೇಲರು ರಸ್ತೆಬದಿಯ ಮಣ್ಣಿನಲ್ಲಿ ನಿಂತಿತ್ತು. ಮುಂದೆ ಅನಕಾಪಲ್ಲಿಯಲ್ಲಿ ಶಾರದಾ ನದಿಯ ಸೇತುವೆ, ಅದರ ಮೇಲೆ ಹೋಗಲು ಅನುಮತಿ ಬಂದಿರಲಿಲ್ಲ. ಇವರು ಲೋಡಿನ ನೆರಳಿನಲ್ಲಿ ಒಬ್ಬರೇ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಆಫೀಸರು ಬಂದ ಹಾಗೆ.

"ಇಲ್ಲೇ ಇದ್ದು ಮನೆಗೆ ಬರೋಕಾಗಲಿಲ್ವಾ?" ಅಂದೆ.

"ನಿಂಬೆಹಣ್ಣು ತುಳಿಸಿದ್ಮೇಲೆ ಬರೋ ಹಾಗಿಲ್ಲ."

ಅವರ ಕಸುಬಿನಲ್ಲಿ ಹಾಗೊಂದು ಶಾಸ್ತ್ರವಿತ್ತು, ನನಗೆ ಯಾರೂ ಹೇಳಿರಲಿಲ್ಲ. ಪೂಜೆಯಾಗಿ ಗಾಡಿ ಹೊರಟ ಮೇಲೆ, ಲೋಡು ಇಳಿಯುವವರೆಗೆ, ಅದರ ಜೊತೆಯವರು ಮನೆ ಹೊಸಿಲು ದಾಟಬಾರದು. ಹಿಂದೆ ಯಾರೋ ಒಬ್ಬ, ಮನೆ ಹತ್ತಿರವೇ ಇದೆ ಅಂತ ಊಟಕ್ಕೆ ಹೋಗಿದ್ದನಂತೆ. ಅವನು ತುತ್ತು ಎತ್ತುವ ಹೊತ್ತಿಗೆ ಇತ್ತ ಗಾಡಿ ಜಾರಿ ಇನ್ನೊಬ್ಬನ ಕಾಲು ಹೋಗಿತ್ತಂತೆ. ಅವತ್ತಿನಿಂದ ಯಾರೂ ಹೋಗುವುದಿಲ್ಲ.

"ಹಾಗಾದ್ರೆ ನನ್ನನ್ಯಾಕೆ ಮದುವೆಯಾದ್ರಿ? ಈ ಡಬ್ಬಿಗೇ ತಾಳಿ ಕಟ್ಟಬಹುದಿತ್ತಲ್ಲ!"

ಗಾಡಿ ನಡೆಸುತ್ತಿದ್ದ ಡ್ರೈವರು ಶ್ರೀಕಾಕುಳಂ ಕಡೆಯ ವಯಸ್ಸಾದ ಮನುಷ್ಯ. ಭಾಷೆ ಗೊತ್ತಾಗದಿದ್ದರೂ ವಿಷಯ ಗೊತ್ತಾಗಿ ಬೀಡಿ ಹಚ್ಚಿಕೊಂಡು ಅತ್ತ ಹೋದರು. ಇವರು ಗಾಡಿಯ ಮೇಲಿನಿಂದ ಒಂದು ಮರದ ದಿಮ್ಮಿಯನ್ನು ಇಳಿಸಿ, ಧೂಳು ಒರೆಸಿ, ನೆರಳಿನಲ್ಲಿ ಹಾಕಿದರು. "ಕೂತ್ಕೋ" ಅಂದರು. ರೈಲು ಹಳಿಯ ಕೆಳಗೆ ಹಾಕುವ ಹಳೆಯ ಸ್ಲೀಪರು ಅದು, ಮೊಳೆಯ ತೂತುಗಳು ಹಾಗೇ ಇದ್ದವು. ಚಕ್ರ ಹೂತುಕೊಂಡರೆ ಕೆಳಗೆ ಒತ್ತು ಕೊಡಲು, ಲೋಡು ಇಳಿಸುವಾಗ ಜಾರಿಸಲು ಅಂಥವನ್ನು ಹರಾಜಿನಲ್ಲಿ ಕೊಂಡು ಇಟ್ಟುಕೊಳ್ಳುತ್ತಾರೆ.

"ಇದು ನಮ್ಮಪ್ಪನ ಇಲಾಖೇದು" ಅಂದೆ.

"ಅದಕ್ಕೇ ನಿಂಗೆ ಕೊಟ್ಟಿದ್ದು" ಅಂದರು.

ಉಂಡರು. ನಾನು ಸ್ಲೀಪರಿನ ಮೇಲೆ, ಅವರು ಎದುರಿಗೆ ನೆಲದ ಮೇಲೆ. ಅಲ್ಲಿನ ಹೋಟೆಲಿನ ಖಾರ ತಿಂದು ತಿಂದು ಅವರ ತುಟಿ ಒಡೆದಿತ್ತು. ಕೊನೆಯ ತುತ್ತಿನವರೆಗೂ ತಲೆ ಎತ್ತಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನಮ್ಮದು ಉಣ್ಣುವಲ್ಲಿಗೆ ಬಂದು ಅಲ್ಲೇ ನಿಂತಿತು. ಹೇಳಬೇಕಾದದ್ದನ್ನು ಹೇಳದೆ ಖಾಲಿ ಕ್ಯಾರಿಯರು ಹಿಡಿದು ಬಸ್ಸು ಹತ್ತಿದೆ.

ಹೇಳಿಲ್ಲವಲ್ಲ ಅಂತ ಮಾರನೆಯ ದಿನ ಮತ್ತೆ ಹೋದೆ. ಆವತ್ತೂ ಆಗಲಿಲ್ಲ. ಹೀಗೆ ಅದೊಂದು ಅಭ್ಯಾಸವಾಯಿತು. ಗಾಡಿ ಲಂಕೆಲಪಾಲೆಂ ಬಿಟ್ಟು ಅನಕಾಪಲ್ಲಿಗೆ ಬಂತು, ಅಲ್ಲಿನ ಬೆಲ್ಲದ ಮಂಡಿಯ ವಾಸನೆಯಲ್ಲಿ ನಾವು ಊಟ ಮಾಡಿದೆವು. ಸೇತುವೆ ದಾಟುವ ದಿನ ನಾನು ದಡದಲ್ಲಿ ಜನರ ಜೊತೆ ನಿಂತು ನೋಡಿದೆ. ಎರಡೂ ಕಡೆ ವಾಹನ ನಿಲ್ಲಿಸಿದ್ದರು. ಅಷ್ಟುದ್ದ ಸೇತುವೆಯ ಮೇಲೆ ಆ ಲೋಡು ಮಾತ್ರ, ಅದರ ಮುಂದೆ ಇವರು. ಚಕ್ರಗಳ ಮೇಲೆ ಕಣ್ಣಿಡಬೇಕಾದ್ದರಿಂದ ಗಾಡಿಯ ಕಡೆ ತಿರುಗಿ, ಕೈ ತೋರಿಸುತ್ತಾ, ಹಿಂದು ಹಿಂದಕ್ಕೇ ಹೆಜ್ಜೆ ಹಾಕುತ್ತಿದ್ದರು. ಮುಖ ವೈಜಾಗಿನ ಕಡೆ, ಕಾಲು ವಿಜಯವಾಡದ ಕಡೆ. ಸೇತುವೆಯ ಆ ತುದಿಯವರೆಗೂ ಹಾಗೇ ಹೋದರು. ಈ ಮನುಷ್ಯನಿಗೂ ಯಾರೂ ಇಲ್ಲ ಅಂತ ನನಗೆ ಮೊದಲ ಸಲ ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟೂ ಬಂತು, ಯಾಕೆಂದರೆ ಬಿಟ್ಟು ಹೋಗಬೇಕಾದವರ ಮೇಲೆ ಕನಿಕರ ಹುಟ್ಟಿದರೆ ಕೆಲಸ ಕೆಡುತ್ತದೆ.

ಸೇತುವೆ ದಾಟಿದ ಮೇಲೆ ಗಾಡಿ ದಿನಾ ಸ್ವಲ್ಪ ಸ್ವಲ್ಪ ದೂರವಾಯಿತು. ಕಶಿಂಕೋಟ, ಎಲಮಂಚಿಲಿ. ಬಸ್ಸಿನಲ್ಲಿ ಕೂತರೆ ಮುದ್ದೆ ಆರಿ ಕಲ್ಲಾಗುತ್ತಿತ್ತು. ಅದನ್ನೂ ಸುಮ್ಮನೆ ನುಂಗುತ್ತಿದ್ದರು. ನಕ್ಕಪಲ್ಲಿಗೆ ಹೋದ ದಿನ ಸಾರು ಹಳಸಿತ್ತು. ವಾಪಸು ಬರುವಾಗ ದೀಪ ಹಚ್ಚಿದ್ದರು, ಆಂಟಿಗಾರು ಗೇಟಿನಲ್ಲೇ ನಿಂತಿದ್ದು ಬೈದರು. ಇನ್ನು ಆಗುವುದಿಲ್ಲ ಅಂತ ಗೊತ್ತಾಯಿತು. ರೈಲಿನವರು ಒಂದು ನಿಮಿಷದಲ್ಲಿ ಬಿಟ್ಟುಹೋಗುತ್ತಾರೆ, ಇವರು ದಿನಕ್ಕೊಂದು ಊರಿನಷ್ಟು ಬಿಟ್ಟುಹೋದರು. ಯಾವುದು ಮೇಲು ಅಂತ ನನಗೆ ಈಗಲೂ ಗೊತ್ತಿಲ್ಲ.

ಆಷಾಢ ಹುಟ್ಟಿತು. ನನ್ನ ಟಿಕೆಟ್ಟು ಬೆಂಗಳೂರಿಗೆ, ಅಲ್ಲಿಂದ ಅರಸೀಕೆರೆಗೆ. ಹೊರಡುವ ಹಿಂದಿನ ದಿನ ಬೂತಿನಿಂದ ಫೋನು ಬಂತು. "ತುನಿ ಆದ್ಮೇಲೆ ಕಿಟಕೀಲಿ ನೋಡ್ತಿರು. ರೈಲು ಹೈವೇ ಹತ್ತಿರ ಬರುತ್ತೆ" ಅಂದರು.

ನೋಡುತ್ತಾ ಕೂತೆ. ಮಧ್ಯಾಹ್ನದ ಬಿಸಿಲು. ತಾಳೆಮರ, ಗದ್ದೆ, ಅಗಲ ಮಾಡಲು ಅಗೆದು ಹಾಕಿದ್ದ ಹೆದ್ದಾರಿಯ ಕೆಂಪು ಮಣ್ಣು. ಇದ್ದಕ್ಕಿದ್ದಂತೆ ಬೂದುಬಣ್ಣದ ಡಬ್ಬಿ ಕಂಡಿತು. ಅದರ ಪಕ್ಕ ದಿಬ್ಬದ ಮೇಲೆ ಒಬ್ಬ ಮನುಷ್ಯ ಕೆಂಪು ಬಾವುಟ ಎತ್ತಿ ಬೀಸುತ್ತಿದ್ದ. ನಾನು ಯಾವ ಬೋಗಿ ಅಂತ ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಎಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಎಲ್ಲರಿಗೂ ಬೀಸುತ್ತಿದ್ದರು. ನಾನು ಕಂಬಿಯ ಆಚೆ ಕೈ ಹಾಕುವಷ್ಟರಲ್ಲಿ ದಾಟಿಹೋಗಿತ್ತು. ಎದುರು ಸೀಟಿನ ಮುದುಕಿ "ಎವರಮ್ಮಾ?" ಅಂದಳು. ಯಾರು ಅಂತ ಹೇಳಲಿ? ನಮ್ಮವರು ಅಂದೆ. ಆಮೇಲೆ ವಿಜಯವಾಡ ಬರುವವರೆಗೂ ಅತ್ತೆ. ಮುದುಕಿ ಒಂದು ಸೀಬೆಹಣ್ಣು ಕೊಟ್ಟಳು.

ತವರಿನಲ್ಲಿ ಆಷಾಢ ಚೆನ್ನಾಗಿ ಕಳೆಯಿತು ಅಂತ ಹೇಳಬೇಕು. ಕನ್ನಡ ಕೇಳಿ ಕೇಳಿ ಹೊಟ್ಟೆ ತುಂಬಿತು. ಬೀದಿಯವರೆಲ್ಲ ಬಂದು ಬಳೆ ನೋಡಿದರು, ಗಂಡನ ಸಂಬಳ ಕೇಳಿದರು. ಇವರ ಫೋನು ಆಗಾಗ ಬರುತ್ತಿತ್ತು: ಅನ್ನವರಂ ದಾಟಿತು, ಗೋದಾವರಿಯ ಈಚೆ ನಿಂತಿದ್ದೇವೆ, ಗೋದಾವರಿ ದಾಟಿತು, ಏಲೂರು. ಬಾ ಅಂತ ಮಾತ್ರ ಅನ್ನಲಿಲ್ಲ. ನಾನು ಕೂತಲ್ಲಿ ನಿಂತಲ್ಲಿ ಉತ್ತರ ಅಭ್ಯಾಸ ಮಾಡುತ್ತಿದ್ದೆ. ಅವರು ಬಂದು ಹಜಾರದಲ್ಲಿ ಕೂರುತ್ತಾರೆ, ಅಮ್ಮ ಕಾಫಿ ಕೊಡುತ್ತಾಳೆ, ಆಗ ನಾನು ಬಾಗಿಲಲ್ಲಿ ನಿಂತು ಹೇಳುತ್ತೇನೆ: ಬರಲ್ಲ.

ಶ್ರಾವಣ ಬಂತು. ನನ್ನ ಜೊತೆ ಮದುವೆಯಾದ ಹುಡುಗಿಯರನ್ನೆಲ್ಲ ಗಂಡಂದಿರು ಬಂದು ಕರೆದುಕೊಂಡು ಹೋದರು. ವರಮಹಾಲಕ್ಷ್ಮಿ ಹಬ್ಬ ಮುಗಿಯಿತು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಲೋಡು ಸೈಟಿನ ಬಾಗಿಲಿಗೆ ಬಂದು ನಿಂತಿದೆ, ಟ್ರಾನ್ಸ್‌ಫಾರ್ಮರು ಕೂರಿಸುವ ಕಾಂಕ್ರೀಟು ಕಟ್ಟೆ ಇನ್ನೂ ಆಗಿಲ್ಲ, ಇಳಿಸಲು ಆಗುತ್ತಿಲ್ಲ ಅಂತ ಫೋನು ಬಂತು. ಅಪ್ಪ ಪೇಪರ್ ಓದುವವರ ಹಾಗೆ ಮುಖ ಮುಚ್ಚಿಕೊಂಡರು. ಅಮ್ಮ, "ಕರೆಯೋಕೆ ಬರದೆ ನೀನೇ ಹೋದ್ರೆ ಮರ್ಯಾದೆ ಇರುತ್ತೇನೇ? ಅವ್ರೇ ಬರಲಿ, ಸುಮ್ನಿರು" ಅಂದಳು.

ನನಗೆ ಬೇಕಾದದ್ದೇ ಆಗಿತ್ತಲ್ಲ? ಹೋಗಬೇಕಾಗಿರಲಿಲ್ಲ. ಹೀಗೇ ಇದ್ದುಬಿಟ್ಟರೆ ಎಲ್ಲ ತನ್ನಷ್ಟಕ್ಕೆ ಮುಗಿಯುತ್ತಿತ್ತು. ಆದರೆ ನನಗೆ ತಡೆಯಲಾಗಲಿಲ್ಲ. ಬರಲ್ಲ ಅನ್ನುವುದಕ್ಕಾದರೂ ಒಬ್ಬರು ಬಾ ಅನ್ನಬೇಕಲ್ಲ! ನನ್ನ ಆ ಒಂದು ಮಾತು ಹೇಳುವ ಅವಕಾಶವನ್ನೂ ಆ ಡಬ್ಬಿ ಕಿತ್ತುಕೊಂಡಿತ್ತು. ಒಂದು ಬೆಳಿಗ್ಗೆ ಚಿಕ್ಕ ಬ್ಯಾಗಿಗೆ ಎರಡು ಸೀರೆ ತುರುಕಿದೆ. "ಎಲ್ಲಿಗೆ?" ಅಂದಳು ಅಮ್ಮ. "ಬರಲ್ಲ ಅಂತ ಹೇಳಿ ಬರೋಕೆ" ಅಂದೆ. ಅಮ್ಮ ನನ್ನ ಮುಖ ನೋಡಿದಳು, ಒಳಗೆ ಹೋಗಿ ರಾಗಿಹಿಟ್ಟಿನ ಗಂಟು ತಂದು ಬ್ಯಾಗಿನೊಳಗಿಟ್ಟಳು. ಹೆತ್ತವಳಿಗೆ ನನ್ನ ಜಗಳಗಳ ಸ್ವಭಾವ ಗೊತ್ತಿತ್ತು.

ವಿಜಯವಾಡದಲ್ಲಿ ಇಳಿದಾಗ ಶ್ರಾವಣದಲ್ಲೂ ನೆಲ ಕಾದ ಹೆಂಚು. ಗನ್ನವರಂ ಕಡೆಯ ಬಸ್ಸು ಹಿಡಿದು, ಆಟೋ ಮಾಡಿ, ಕೇಳುತ್ತಾ ಕೇಳುತ್ತಾ ಹೋದೆ. ದೂರದಿಂದಲೇ ಡಬ್ಬಿ ಕಂಡಿತು. ಎಷ್ಟು ಸಿಟ್ಟಿದ್ದರೂ, ಗುರುತಿನವರನ್ನು ಕಂಡ ಹಾಗಾಯಿತು. ಸೈಟಿನ ಗೇಟಿನ ಹೊರಗೆ ರಸ್ತೆಬದಿ ನಿಂತಿತ್ತು, ಧೂಳು ಕೂತು ಬಣ್ಣ ಬದಲಾಗಿತ್ತು. ಯಜಮಾನರು ಒಳಗೆಲ್ಲೋ ಹೋಗಿದ್ದರು. ಡ್ರೈವರು ನನ್ನನ್ನು ನೋಡಿ ಬೀಡಿ ಎಸೆದು ಓಡಿಬಂದರು. ಲೋಡಿನ ನೆರಳಿನ ಕಡೆ ಕೈ ತೋರಿಸಿ, "ಕೂರ್ಚೋಂಡಮ್ಮಾ, ಇದಿ ಮೀದೇ" ಅಂದರು. ಕೂರಿ, ಇದು ನಿಮ್ಮದೇ.

ಆ ಸ್ಲೀಪರು. ಮೊಳೆಯ ತೂತುಗಳು ಹಾಗೇ ಇದ್ದವು.

ಡ್ರೈವರು ಕೈಸನ್ನೆ ಮಾಡುತ್ತಾ ನಿಧಾನವಾಗಿ ತೆಲುಗಿನಲ್ಲಿ ಹೇಳಿದರು, ನಾನು ಅರ್ಥ ಮಾಡಿಕೊಂಡೆ. ನಕ್ಕಪಲ್ಲಿಯಿಂದ ಇಲ್ಲಿಯವರೆಗೆ ಗಾಡಿ ಎಲ್ಲಿ ನಿಂತರೂ ಇವರು ಮೊದಲು ಇದನ್ನು ಇಳಿಸಿ ನೆರಳಿನಲ್ಲಿ ಹಾಕಿಸುತ್ತಿದ್ದರಂತೆ. ಬೇರೆ ಸ್ಲೀಪರುಗಳೆಲ್ಲ ಚಕ್ರದ ಕೆಳಗೆ ಹೋಗಿ ಸೀಳಿದವು, ಇದನ್ನು ಮಾತ್ರ ಮುಟ್ಟಗೊಡಲಿಲ್ಲವಂತೆ. ಇದರ ಮೇಲೆ ಅವರೂ ಕೂರುತ್ತಿರಲಿಲ್ಲ, ಬೇರೆಯವರನ್ನೂ ಕೂರಿಸುತ್ತಿರಲಿಲ್ಲ. ಎದುರಿಗೆ ನೆಲದ ಮೇಲೆ ಕೂತು, ಖಾಲಿ ಸ್ಲೀಪರಿನ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದರಂತೆ.

ನಾನು ಕೂತೆ.

ಅವರು ಬಂದರು. ಮುಖ ಕಪ್ಪಾಗಿತ್ತು, ಅಂಗಿ ದೊಗಲೆಯಾಗಿತ್ತು. ನನ್ನನ್ನು ಕಂಡು ಅಲ್ಲೇ ನಿಂತರು.

"ಯಾರೂ ಕರೀಲಿಲ್ಲ. ನಾನೇ ಬಂದೆ" ಅಂದೆ. ಅಭ್ಯಾಸ ಮಾಡಿದ್ದ ಮಾತು ತನ್ನಷ್ಟಕ್ಕೆ ಬಾಯಿಗೆ ಬಂತು. "ಬರಲ್ಲ ಅಂತ ಹೇಳೋಕೆ ಬಂದೆ. ನಾನು ಊರಲ್ಲೇ ಇರ್ತೀನಿ."

"ಸರಿ" ಅಂದರು. "ನಾಳೆ ಬೆಂಗಳೂರು ಗಾಡಿ ಇದೆ. ನಾನೇ ಬಂದು ಹತ್ತಿಸ್ತೀನಿ. ಸ್ಟೇಷನ್ನಿಗೆ ಹೊಸಿಲಿಲ್ಲ, ಬರಬಹುದು."

ಅಷ್ಟೇ. ಬೇಡ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಹೊಡೆದಾಡಲು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳಿಗೆ ಎದುರಾಳಿಯೇ ಇಲ್ಲದ ಹಾಗಾಯಿತು. ಅವತ್ತು ಉಳಿಯಲು ಅವರ ಶೆಡ್ಡಿಗೆ ಕರೆದುಕೊಂಡು ಹೋದರು. ಗೇಟಿನ ಪಕ್ಕ ತಗಡು ಹೊದಿಸಿದ ಒಂದೇ ಕೋಣೆ. ಬಾಗಿಲ ಜಾಗದಲ್ಲಿ ಗೋಣಿಪರದೆ, ಒಳಗೆ ಮಂಚ, ಸೀಮೆಎಣ್ಣೆ ಸ್ಟವ್ವು. ನನ್ನ ಬ್ಯಾಗು ಇಟ್ಟು ಹೊರಗೆ ಹೋದರು. ಪಾತ್ರೆಯ ಮುಚ್ಚಳ ತೆಗೆದು ನೋಡಿದೆ, ಸಾರು ಬೆಂಕಿಯ ಹಾಗಿತ್ತು. ಇದನ್ನು ತಿಂದೇ ಈ ಮನುಷ್ಯ ಹೀಗಾಗಿದ್ದಾರೆ ಅಂತ ಎಲ್ಲ ಚೆಲ್ಲಿ, ಸ್ಟವ್ವು ಹಚ್ಚಿ, ಅಮ್ಮ ಕೊಟ್ಟ ಹಿಟ್ಟಿನಿಂದ ಮುದ್ದೆ ತೊಳಸಿದೆ. ಅಕ್ಕಪಕ್ಕದ ಶೆಡ್ಡುಗಳ ಕೂಲಿ ಹೆಂಗಸರು ಬಂದು ಇಣುಕಿ ನಕ್ಕು ಹೋದರು.

"ಬನ್ನಿ, ಊಟಕ್ಕೆ" ಅಂತ ಕೂಗಿದೆ.

ಅವರು ಪರದೆಯ ಆಚೆಯೇ ನಿಂತರು. "ಇಲ್ಲೇ ಕೊಡು" ಅಂದರು.

"ನಿನ್ನೆವರೆಗೂ ಇಲ್ಲೇ ಮಲಗ್ತಿದ್ರಲ್ಲ, ಈಗೇನು?"

"ನಿನ್ನೆವರೆಗೂ ಶೆಡ್ಡು." ಅವರು ಮಾತು ಹುಡುಕಿಕೊಂಡು ನಿಧಾನವಾಗಿ ಹೇಳಿದರು. "ಈಗ ನೀನಿದೀಯ, ಒಲೆ ಹಚ್ಚಿದೀಯ. ಮನೆ ಆಯ್ತಲ್ಲ. ಲೋಡು ಇಳೀಲಿ."

ತಟ್ಟೆ ಹೊರಗೆ ಚಾಚಿದೆ. ತೆಗೆದುಕೊಂಡು ಲೋಡಿನ ಕಡೆ ಹೋದರು. ನಾನು ಸ್ಟವ್ವಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಎಂವಿಪಿ ಕಾಲೋನಿಯಲ್ಲಿ ಗ್ಯಾಸು, ಫ್ರಿಜ್ಜು, ಮೊಸಾಯಿಕ್ ನೆಲ ಎಲ್ಲ ಇದ್ದ ಜಾಗದಲ್ಲಿ ನನಗೆ ಒಂದು ದಿನವೂ ಮನೆ ಅನ್ನಿಸಿರಲಿಲ್ಲ. ಇಲ್ಲಿ ತಗಡಿನ ಗೂಡಿಗೆ ಮನೆ ಅಂದವರು ಅವರು. ನಾನಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ಒಳಗೆ ಕಾಲಿಡದೆ ಹೊರಗೆ ಉಣ್ಣುತ್ತಿರುವವರೂ ಅವರೇ. ಹತ್ತಿರ ಬಂದಷ್ಟೂ ಈ ಮನುಷ್ಯ ದೂರವೇ ಇರುತ್ತಾನಲ್ಲ ಅಂತ ಸಂಕಟವಾಯಿತು. ಆದರೆ ಅದು ಕಾಲೋನಿಯ ಸಂಕಟವಲ್ಲ, ಬೇರೆ.

ಮಾರನೆಯ ದಿನ ಬೆಂಗಳೂರು ಗಾಡಿಯ ಹೊತ್ತಿಗೆ ಅವರು ಕೈಕಾಲು ತೊಳೆದು, ತಲೆ ಬಾಚಿ ಪರದೆಯ ಹೊರಗೆ ಬಂದು ನಿಂತರು. "ಹಿಟ್ಟು ಇನ್ನೂ ಇದೆ. ಖಾಲಿ ಆಗ್ಲಿ" ಅಂದೆ. ಅವರು ಮತ್ತೆ ಕೆಲಸದ ಅಂಗಿ ಹಾಕಿಕೊಳ್ಳಲು ಹೋದರು.

ಕಟ್ಟೆ ಆಗುವವರೆಗೂ ಹಾಗೇ ಇದ್ದೆವು. ನಾನು ಒಳಗೆ, ಅವರು ಲೋಡಿನ ಕೆಳಗೆ. ಮಧ್ಯಾಹ್ನ ನಾನು ಹೋಗಿ ಸ್ಲೀಪರಿನ ಮೇಲೆ ಕೂರುತ್ತಿದ್ದೆ. ಮಾತು ಹೆಚ್ಚಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮುಂದಿನ ವರ್ಷಗಳಲ್ಲೂ ಆಗಲಿಲ್ಲ. ಲೋಡಿನ ಹಿಂದೆ ಲೋಡು ಬಂತು, ನಾನು ಎಷ್ಟೋ ತಿಂಗಳು ಎಷ್ಟೋ ಊರುಗಳಲ್ಲಿ ತರಕಾರಿ ಬೈಯುತ್ತಾ ಒಬ್ಬಳೇ ಕಳೆದಿದ್ದೇನೆ. ಆ ಒಂಟಿತನ ನನ್ನ ಪಾಲಿಗೆ ಬಂದದ್ದು, ಹೋಗಲಿಲ್ಲ. ಆದರೆ ಆ ಕಡೆಯೂ ಒಬ್ಬರು ಖಾಲಿ ಜಾಗ ನೋಡಿಕೊಂಡು ಉಣ್ಣುತ್ತಿದ್ದಾರೆ ಅಂತ ಗೊತ್ತಿರುತ್ತಿತ್ತು.

ಕೊನೆಗೂ ಲೋಡು ಇಳಿಯಿತು. ಬೆಳಿಗ್ಗೆ ಶುರುವಾದ ಕೆಲಸ, ಜಾಕಿ ಕೊಟ್ಟು ಎತ್ತಿ, ಹಳಿಯ ಮೇಲೆ ಅಂಗುಲ ಅಂಗುಲ ಜಾರಿಸಿ ಕಟ್ಟೆಯ ಮೇಲೆ ಕೂರಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ತೆಂಗಿನಕಾಯಿ ಒಡೆದರು. ನಾನು ಅನ್ನಕ್ಕಿಟ್ಟು ಕೂತಿದ್ದೆ. ಹೊರಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಪರದೆ ಸರಿಸಿ ನೋಡಿದೆ. ಅವರೂ ಡ್ರೈವರೂ ಸೇರಿ ಆ ಸ್ಲೀಪರನ್ನು ಹೊತ್ತು ತಂದಿದ್ದರು. ಬಾಗಿಲ ಜಾಗದಲ್ಲಿ ಈ ಕಡೆಯಿಂದ ಆ ಕಡೆಗೆ ಅಡ್ಡ ಹಾಕಿದರು. ಅಲುಗಾಡದ ಹಾಗೆ ಎರಡೂ ಬದಿಗೆ ಕಲ್ಲು ಕೊಟ್ಟರು. ಡ್ರೈವರು ನಗುತ್ತಾ ಹೋದರು.

ಇವರು ಡ್ರಮ್ಮಿನ ನೀರಿನಲ್ಲಿ ಕಾಲು ತೊಳೆದರು. ಚಪ್ಪಲಿ ಪಕ್ಕಕ್ಕಿಟ್ಟರು. ಬಂದು ಸ್ಲೀಪರಿನ ಆಚೆ ನಿಂತರು. ದಾಟಲಿಲ್ಲ. ಹೊಸದಾಗಿ ಮನೆಗೆ ಬಂದ ನೆಂಟರು ನಿಲ್ಲುವ ಹಾಗೆ, ಕೈ ಎಲ್ಲಿಡಬೇಕೋ ತಿಳಿಯದೆ ನಿಂತಿದ್ದರು. ಕರೆಯಲಿ ಅಂತ ಕಾಯುತ್ತಿದ್ದಾರೆ ಅಂತ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು ಶ್ರಾವಣದಲ್ಲಿ ಕರೆಗೆ ಕಾದು ಕೂತವಳು. ಸ್ವಲ್ಪ ಕಾಯಲಿ ಅಂತ ಸುಮ್ಮನೆ ಪಾತ್ರೆಯ ಕಡೆ ತಿರುಗಿದೆ. ಅನ್ನ ಉಕ್ಕಿತು. ಬತ್ತಿ ಸಣ್ಣ ಮಾಡಿದೆ, ಕಣ್ಣು ಒರೆಸಿಕೊಂಡೆ, ತಟ್ಟೆ ಎರಡು ಹಾಕಿದೆ.

"ಬನ್ನಿ ಒಳಗೆ" ಅಂದೆ.